ಕೆಂಪು ಬೊಟ್ಟು ಮೇಲೇ ಇತ್ತು

ವಿಜಯದಶಮಿಯ ದಿನ ಬೆಳಿಗ್ಗೆ ಹನ್ನೊಂದೂಕಾಲಿಗೆ ಅಕ್ಕೋರ ಕೈ ಮೇಜಿಗೆ ಅಂಟಿಕೊಂಡಿತು.

ಮೊನ್ನೆ ಹಗರಿಬೊಮ್ಮನಹಳ್ಳಿಯಲ್ಲಿ ಮೊಬೈಲ್ ರಿಪೇರಿ ಅಂಗಡಿಯ ಮುಂದೆ ನಿಂತಿದ್ದಾಗ ಅದು ಮತ್ತೆ ಕಣ್ಣ ಮುಂದೆ ಬಂತು. ಅಂಗಡಿಯವನು ಬೆಸುಗೆ ಹಾಕುತ್ತಿದ್ದ. ಬಿಸಿ ಕಡ್ಡಿಯ ತುದಿಯಲ್ಲಿ ರಾಳ ಸುಟ್ಟು ಏಳುವ ಹೊಗೆ, ಅದರ ಸಿಹಿ ಸಿಹಿಯಾದ ಘಾಟು. ಅದು ಮೂಗಿಗೆ ಬಡಿದದ್ದೇ ತಡ, ಗಲ್ಲಾಪೆಟ್ಟಿಗೆಯ ಸ್ಟೀಲ್ ಪಟ್ಟಿಯ ಮೇಲಿಟ್ಟಿದ್ದ ಕೈಯನ್ನು ಸರಕ್ಕನೆ ಹಿಂದಕ್ಕೆಳೆದುಕೊಂಡೆ.

"ಯಾಕ್ರಿ ಮೇಡಂ, ಶಾಕ್ ಹೊಡೀತೇನು?" ಎಂದು ಅವನು ನಕ್ಕ.

ಇಲ್ಲ ಅಂದೆ. ಚಪ್ಪಲಿ ಕಾಲಿನಲ್ಲೇ ಇದೆಯಾ ಎಂದು ಒಮ್ಮೆ ಕೆಳಗೆ ನೋಡಿಕೊಂಡೆ…

ನಮ್ಮ ಕಡೆ ಹೆಣ್ಣು ಟೀಚರಿಗೆ ಅಕ್ಕೋರು ಅನ್ನುತ್ತಾರೆ. ಅವರು ಶಾಲೆಯಲ್ಲಿ ಕಲಿಸಿದವರಲ್ಲ. ಎಂಬತ್ತರ ದಶಕದ ಕೊನೆಯಲ್ಲಿ ಕೊಟ್ಟೂರಿನಲ್ಲಿ ತಮ್ಮ ಮನೆಯ ಮುಂದಿನ ಕೋಣೆಯಲ್ಲೇ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದರು. ನಮ್ಮ ಮನೆಗೂ ಅವರ ಮನೆಗೂ ಒಂದೇ ಗೋಡೆ. ನಾನು ಅಲ್ಲೇ ಕಾಲೇಜಿನಲ್ಲಿ ಬಿಎಸ್ಸಿ ಮುಗಿಸಿ, ಕೆಲಸದ ಅರ್ಜಿಗಳನ್ನು ಹಾಕುತ್ತಾ ಮನೆಯಲ್ಲಿದ್ದೆ. ಬೆಳಗಿನ ಹೊತ್ತು ಅವರಲ್ಲಿ ಟೈಪಿಂಗ್ ಕಲಿಯಲು ಬರುತ್ತಿದ್ದ ಹುಡುಗಿಯರಿಗೆ ಪಾಠ ಹೇಳಿಕೊಡಲು ಹೋಗುತ್ತಿದ್ದೆ.

ಅಕ್ಕೋರು ಯಾರನ್ನೂ ನಂಬುತ್ತಿರಲಿಲ್ಲ. ಸಂಜೆಯಾದರೆ ಟೈಪ್‌ರೈಟರುಗಳ ರಿಬ್ಬನ್ನುಗಳನ್ನು ಬಿಚ್ಚಿಕೊಂಡು ಹೋಗಿ ಅಕ್ಕಿಯ ಡಬ್ಬಿಯಲ್ಲಿ ಹುಗಿದಿಡುತ್ತಿದ್ದರು. ಹಾಲಿನವನು ಅಳೆಯುವಾಗ ಅವನ ಕೈ ನೋಡುತ್ತಿರಲಿಲ್ಲ, ಮುಖ ನೋಡುತ್ತಿದ್ದರು. ಒಮ್ಮೆ ಬಸ್ ಸ್ಟ್ಯಾಂಡಿನಿಂದ ಬಂದವರೇ ನನ್ನನ್ನು ಗೋಡೆಯಾಚೆಯಿಂದ ಕರೆದರು.

"ಲೇ ಹುಡುಗಿ, ಆ ಪೋಸ್ಟ್ ಆಫೀಸಿನವ 'ಆರಾಮ ಅದೀರ್ಯಾ ಅಕ್ಕೋರ' ಅಂತ ಕೇಳಿದ."

"ಮತ್ತೇನ್ರಿ ಅದಕ್ಕ?"

"ಯಾಕ ಕೇಳಿದ ಅದನ್ನ ಹೇಳು."

ನಗು ಬರುತ್ತಿತ್ತು. ಆದರೆ ಅವರ ಅನುಮಾನಕ್ಕೆ ಬುಡವಿಲ್ಲದೆ ಇರಲಿಲ್ಲ. ಚಿಕ್ಕ ವಯಸ್ಸಿನಲ್ಲೇ ಗಂಡನ ಮನೆ ಬಿಟ್ಟು ಬಂದವರು. ಅಪ್ಪ ತೀರಿಕೊಂಡ ಹೊಸದರಲ್ಲಿ ಇವರು ಪರೀಕ್ಷೆ ಬರೆಯಲು ಬಳ್ಳಾರಿಗೆ ಹೋಗಿದ್ದಾಗ ನೆಂಟರೇ ಈ ಮನೆಯ ಬೀಗ ಒಡೆದು ಒಳಗೆ ಸೇರಿಕೊಂಡಿದ್ದರಂತೆ. ಅವರನ್ನು ಹೊರಗೆ ಹಾಕಲು ವರ್ಷಗಳೇ ಹಿಡಿದವಂತೆ. ಅಂದಿನಿಂದ ಅವರ ಕಿವಿ ಸದಾ ಬಾಗಿಲ ಕಡೆಗೆ…

ಕುವೈತಿನಲ್ಲಿದ್ದ ಅವರ ತಮ್ಮ ಆ ಸಲ ಊರಿಗೆ ಬಂದಾಗ ಒಂದು ಕಂಪ್ಯೂಟರ್ ತಂದುಕೊಟ್ಟ. ಈಗಿನವರಿಗೆ ಹೇಳಿದರೆ ನಂಬುವುದಿಲ್ಲ, ಅದೊಂದು ಕಪ್ಪು ಹಲಗೆಯಂಥ ಡಬ್ಬಿ, ಮೇಲೆ ರಬ್ಬರಿನ ಕೀಗಳು. ಪರದೆ ಇರಲಿಲ್ಲ. ಟಿ.ವಿ.ಗೇ ಜೋಡಿಸಿಕೊಳ್ಳಬೇಕು ಎಂದು ಹೇಳಿ ತಮ್ಮ ವಿಮಾನ ಹತ್ತಿ ಹೋದ. ಅಕ್ಕೋರ ಟಿ.ವಿ. ಮರದ ಪೆಟ್ಟಿಗೆಯ, ಎಳೆಯುವ ಬಾಗಿಲಿನ, ಕಪ್ಪು-ಬಿಳುಪಿನ ದೊಡ್ಡ ಸೆಟ್ಟು. ಆಂಟೆನಾ ಚುಚ್ಚುವ ಕಡೆ ಚುಚ್ಚಿದರೆ ಬರೀ ಜೋಳ ಹುರಿದಂಥ ಚುಕ್ಕೆ. ಕಂಪ್ಯೂಟರ್ ಹೊರಡಿಸುವ ಚಾನೆಲ್ಲು ಆ ಟಿ.ವಿ.ಯಲ್ಲಿ ಇರಲೇ ಇಲ್ಲ.

ಅದಕ್ಕೇ ರಿಪೇರಿಯವರನ್ನು ಕರೆಸಿದ್ದು. ಬಸ್ ಸ್ಟ್ಯಾಂಡಿನ ಹತ್ತಿರ ರೇಡಿಯೋ, ಟಿ.ವಿ. ರಿಪೇರಿ ಅಂಗಡಿ ಇಟ್ಟಿದ್ದ ಅವರು ನನಗಿಂತ ಸ್ವಲ್ಪ ದೊಡ್ಡವರು. ಬೌದ್ಧರ ಮನೆತನ. ಅಂಗಡಿಯಲ್ಲಿ ಬುದ್ಧನ ಒಂದು ಪಟ ಬಿಟ್ಟರೆ ಊದಿನಕಡ್ಡಿ, ನಿಂಬೆಹಣ್ಣು ಯಾವುದೂ ಇರುತ್ತಿರಲಿಲ್ಲ. ಆಯುಧಪೂಜೆಯ ದಿನ ಬಜಾರಿನ ಅಂಗಡಿಗಳೆಲ್ಲ ಬಾಳೆಕಂಬ ಕಟ್ಟಿಕೊಂಡು ಕೂತಿದ್ದರೆ ಅವರು ಎಂದಿನಂತೆ ಬೆಸುಗೆ ಹಾಕುತ್ತಾ ಕೂತಿರುತ್ತಿದ್ದರು.

ಅವರು ಹಲ್ಲುಪುಡಿಯ ಖಾಲಿ ತಗಡಿನ ಡಬ್ಬಿಯೊಳಗೆ ಏನೇನೋ ಜೋಡಿಸಿ ಒಂದು ಅಡಾಪ್ಟರ್ ಮಾಡಿದರು. ಅದರ ಒಂದು ತಂತಿ ಕಂಪ್ಯೂಟರಿಗೆ, ಇನ್ನೊಂದು ತಂತಿ ಆಂಟೆನಾದ ದಾರಿ ಬಿಟ್ಟು ನೇರ ಟಿ.ವಿ.ಯ ಹೊಟ್ಟೆಯೊಳಕ್ಕೆ. ಸ್ವಿಚ್ಚು ಒತ್ತಿದಾಗ ಪರದೆಯ ಮೇಲೆ ಅಕ್ಷರಗಳು ಅಲುಗಾಡದೆ ನಿಂತವು. ಅಕ್ಕೋರು ಒಂದೊಂದೇ ಕೀ ಒತ್ತಿ ಊರಿನ ಹೆಸರನ್ನು ಇಂಗ್ಲಿಷಿನಲ್ಲಿ ಮೂಡಿಸಿದರು. ಅವರ ಮುಖದಲ್ಲಿ ಅಂಥ ನಗುವನ್ನು ನಾನು ಅದುವರೆಗೂ ನೋಡಿರಲಿಲ್ಲ.

ರಿಪೇರಿಯವರು ನಗಲಿಲ್ಲ.

"ಅಕ್ಕೋರ, ಒಂದು ಮಾತು ನೆಪ್ಪಿಟ್ಕೋರಿ. ಈ ನಮೂನಿ ಸೆಟ್ಟಿನೊಳಗ ಕರೆಂಟಿನ ಒಂದು ತಂತಿ ಸೀದಾ ಒಳಗಿನ ತಗಡಿಗೆ ಕೂಡಿರ್ತೈತಿ. ಬರೇ ಟಿ.ವಿ. ನೋಡೋರಿಗೆ ಏನೂ ಆಗಂಗಿಲ್ಲ, ಮ್ಯಾಲ ಕಟಗಿ ಪೆಟ್ಟಿಗಿ ಐತಿ. ಈಗ ನಾವು ಒಳಗಿಂದ ತಂತಿ ಹೊರಗ ತಂದೀವಿ. ಪ್ಲಗ್ಗು ಹಿಂಗ ಹಾಕಿದ್ರ ಸರಿ. ತಿರುವಿ ಹಾಕಿದ್ರಿ ಅಂದ್ರ ಈ ಡಬ್ಬಿ, ಡಬ್ಬಿ ಕೆಳಗಿನ ಕಬ್ಬಿಣದ ಮೇಜು, ಎಲ್ಲಾ ಕರೆಂಟು."

ಅದು ಎರಡು ಕಡ್ಡಿಯ ಪ್ಲಗ್ಗು. ಹೇಗೆ ಬೇಕಾದರೂ ಹಾಕಬಹುದಿತ್ತು. ಟೆಸ್ಟರಿನಿಂದ ಎರಡು ಕಡೆಯೂ ಪರೀಕ್ಷೆ ಮಾಡಿ, ಸರಿಯಾದ ಕಡೆಯ ಬೆನ್ನಿನ ಮೇಲೆ ಕೆಂಪು ಬಣ್ಣದಿಂದ ಒಂದು ಬೊಟ್ಟು ಇಟ್ಟರು.

"ಈ ಬೊಟ್ಟು ಯಾವಾಗ್ಲೂ ಮ್ಯಾಲ ಇರ್ಲಿ. ದಾವಣಗೆರಿಯಿಂದ ಒಂದು ಟ್ರಾನ್ಸ್‌ಫಾರ್ಮರ್ ತರಿಸಿ ನಡುವ ಹಾಕಿಬಿಟ್ರ ಈ ತಾಪತ್ರಯನ ಇರಂಗಿಲ್ಲ."

ಅವರು ಹೋದ ಮೇಲೆ ಅಕ್ಕೋರು ಬಾಗಿಲು ಹಾಕಿದರು. "ಚಿತ್ರ ಬರಾಕತ್ತೈತಿ, ಇನ್ನ್ಯಾಕ ಟ್ರಾನ್ಸ್‌ಫಾರ್ಮರು? ಮ್ಯಾಲಿಂದ ಮ್ಯಾಲ ಈ ಮನಿಗೆ ಬರಾಕ ಅವಗ ಒಂದು ನೆವ ಬೇಕಲ್ಲ" ಅಂದರು.

ಊರಲ್ಲಿ ಸುದ್ದಿ ಹಬ್ಬಿತು. ಎದುರು ಬೀದಿಯಲ್ಲಿ ಇನ್ನೊಂದು ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದ ಮೇಷ್ಟ್ರು ಆಯುಧಪೂಜೆಯ ಸಂಜೆ ನೋಡಲು ಬಂದರು. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಮೇಜಿನ ಸುತ್ತ ಒಂದು ಸುತ್ತು ಹಾಕಿದರು.

"ಏನ್ರಿ ಅಕ್ಕೋರ, ಟಿ.ವಿ.ಯಾಗ ಟೈಪಿಂಗ್ ಕಲಿಸ್ತೀರಂತ? ಹಂಗಾದ್ರ ಮುಂದಿನ ವರ್ಷ ರೇಡಿಯೋದಾಗ ಹೊಲಿಗಿ ಕಲಿಸ್ರಿ."

"ನೀವು ಬರ್ರಿ ಕಲಿಯಾಕ, ಸೂಜಿ ನಾ ಕೊಡ್ತೀನಿ" ಅಂದರು ಅಕ್ಕೋರು. ಮೇಷ್ಟ್ರು ಹೋದ ಮೇಲೆ ಅವರು ನಿಂತಿದ್ದ ಜಾಗವನ್ನು ಬಗ್ಗಿ ಬಗ್ಗಿ ನೋಡಿದರು.

ಹೊಸ ಕ್ಲಾಸಿಗೆ ವಿಜಯದಶಮಿಯ ಮುಹೂರ್ತ ಇಟ್ಟಿದ್ದರು, ಹನ್ನೊಂದೂಕಾಲು. ಬೆಳಿಗ್ಗೆಯೇ ಕಡಪಾ ಕಲ್ಲಿನ ನೆಲ ತೊಳೆದಿತ್ತು. ಕಂಪ್ಯೂಟರ್ ಇರುವ ಕೋಣೆಗೆ ಧೂಳು ಬರಬಾರದೆಂದು ಎಲ್ಲರ ಚಪ್ಪಲಿಯೂ ಹೊರಗೆ. ಹಿಂದಿನ ದಿನದ ಪೂಜೆಯ ವಿಭೂತಿ, ಕುಂಕುಮ, ಚೆಂಡುಹೂವು ಎಲ್ಲ ಯಂತ್ರಗಳ ಮೇಲೂ ಹಾಗೆಯೇ ಇದ್ದವು. ಹುಡುಗಿಯರು ಬಾಗಿಲಲ್ಲಿ ಗುಂಪಾಗಿ ನಿಂತಿದ್ದರು. ಅಕ್ಕೋರು ಸ್ವಿಚ್ಚು ಹಾಕಿದರು. ಪರದೆ ಬೆಳಗಿತು. ಎಲ್ಲರ ಕಡೆ ತಿರುಗಿ ಏನೋ ಹೇಳಲು ಹೊರಟವರು ಎಡಗೈಯನ್ನು ಕಬ್ಬಿಣದ ಮೇಜಿನ ಅಂಚಿಗೆ ಊರಿದರು.

ಕಿರುಚಲಿಲ್ಲ. ಕಿರುಚಿದ್ದರೆ ಒಳ್ಳೆಯದಿತ್ತು ಎಂದು ಈಗಲೂ ಅನ್ನಿಸುತ್ತದೆ. ಉಸಿರು ಒಳಕ್ಕೆಳೆದುಕೊಂಡವರು ಹೊರಗೆ ಬಿಡಲೇ ಇಲ್ಲ. ಬಾಯಿ ತೆರೆದೇ ಇತ್ತು. ಅವರ ಕೈಗಡಿಯಾರದ ಚೈನು ಮೇಜಿಗೆ ತಾಗಿ ಗಿಟಗಿಟ ಅನ್ನುತ್ತಿತ್ತು. ಹುಡುಗಿಯರು ಅದು ಮುಹೂರ್ತದ ಮಂತ್ರವೋ ಏನೋ ಎಂಬಂತೆ ನೋಡುತ್ತಿದ್ದರು. ಒಬ್ಬಳು ಅವರನ್ನು ಹಿಡಿಯಲು ಮುಂದೆ ಬಂದಳು. ಮುಟ್ಟಬ್ಯಾಡ ಎಂದು ಕೂಗಿದ್ದು ನಾನೇ ಇರಬೇಕು. ಮೂಲೆಯಲ್ಲಿದ್ದ ಮರದ ಸ್ಟೂಲನ್ನು ಎತ್ತಿ ಅದರ ಕಾಲುಗಳಿಂದ ಅಕ್ಕೋರ ಸೊಂಟಕ್ಕೆ ಬಲವಾಗಿ ತಳ್ಳಿದೆ. ಅವರು ಗೋಡೆಯ ಪಕ್ಕ ಬಿದ್ದರು.

ಬೋರ್ಡಿನ ಸ್ವಿಚ್ಚು ಆರಿಸಿ ಪ್ಲಗ್ಗನ್ನು ನೋಡಿದೆ. ಕೆಂಪು ಬೊಟ್ಟು ಮೇಲೇ ಇತ್ತು.

ಸ್ವಲ್ಪ ಹೊತ್ತಿಗೆ ಅಕ್ಕೋರು ಕಣ್ಣು ಬಿಟ್ಟರು. ತುಟಿ ನೀಲಿಗಟ್ಟಿತ್ತು. ಅವರು ಆಡಿದ ಮೊದಲ ಮಾತು, "ಯಾರು ನನ್ನ ದೂಡಿದವ್ರು?"

ಹುಡುಗಿಯರೆಲ್ಲ ನನ್ನ ಕಡೆ ನೋಡಿದರು.

ಅಂದಿನಿಂದ ಅಕ್ಕೋರ ಪಾಲಿಗೆ ನಮ್ಮ ಬೀದಿಯಲ್ಲಿ ಎಲ್ಲರದೂ ಕೆಟ್ಟ ಕಣ್ಣೇ. ದೃಷ್ಟಿ ತಾಕಿದೆ ಎಂದು ಅಕ್ಕೋರು ಮಧ್ಯಾಹ್ನವೇ ಹುಡುಗಿಯರಿಂದ ಯಂತ್ರ, ತಂತಿ, ಪ್ಲಗ್ಗು ಎಲ್ಲವನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿಸಿದರು, ಹೂವು ಕುಂಕುಮ ಒಂದೂ ಉಳಿಯದಂತೆ. ಸಂಜೆ ಊರವರು ಬನ್ನಿ ಎಲೆ ಹಂಚುತ್ತಾ ಮನೆಮನೆಗೆ ಬರುವ ಹೊತ್ತಿನಲ್ಲಿ ರಿಪೇರಿಯವರೂ ಸುದ್ದಿ ಕೇಳಿ ಓಡಿಬಂದರು. ಅವರಿಗೆ ಆ ಹಬ್ಬವಿಲ್ಲ. ದಾರಿಯಲ್ಲಿ ಯಾರೋ ಕೊಟ್ಟ ಬನ್ನಿ ಕೈಯಲ್ಲಿತ್ತು, ಅದನ್ನೇ ನೀಡಿದರು. ಅಕ್ಕೋರು ಕೈ ಚಾಚಲಿಲ್ಲ.

"ಅಲ್ಲೇ ಕಟ್ಟಿ ಮ್ಯಾಲ ಇಡು."

ರಿಪೇರಿಯವರು ನನ್ನನ್ನು ಕೇಳಿದರು, "ಬೊಟ್ಟು ಮ್ಯಾಲ ಇತ್ತೇನ್ರಿ?"

"ಇತ್ತು."

"ಖರೇನ ನೋಡೀರ್ಯಾ?"

ನಾನು ನೋಡಿದ್ದೆ. ಅವರ ಕಣ್ಣಲ್ಲಿ ನನ್ನ ಬಗ್ಗೆ ಒಂದು ಸಂಶಯ ಹಾದು ಹೋಯಿತು. ನನಗೂ ಅವರ ಮೇಲೆ ಹಾಗೆಯೇ ಆಯಿತು. ಒಳಗೆ ಹೋಗಿ ಬೊಟ್ಟು ಮೇಲೆ ಬರುವಂತೆ ಪ್ಲಗ್ಗು ಹಾಕಿ, ಸ್ವಿಚ್ಚು ಒತ್ತಿ, ಟೆಸ್ಟರ್ ಹಿಡಿದರು. ಟೆಸ್ಟರ್ ಹೊತ್ತಲಿಲ್ಲ. ಬರಿಗಾಲಲ್ಲಿ ನಿಂತು ಮೇಜಿನ ಮೇಲೆ ಅಂಗೈ ಊರಿದರು. ಏನೂ ಆಗಲಿಲ್ಲ. ತಮ್ಮ ಕಣ್ಣನ್ನು ತಾವೇ ನಂಬದವರ ಹಾಗೆ ಟಿ.ವಿ.ಯನ್ನು ಸೈಕಲ್ಲಿಗೆ ಕಟ್ಟಿಕೊಂಡು ಹೋಗಿ ಅಂಗಡಿಯಲ್ಲೂ ಬಿಚ್ಚಿ ನೋಡಿದರು. ಕೆಲವು ದಿನ ಬಿಟ್ಟು ತಂದಿಟ್ಟು, "ಏನೂ ಇಲ್ರಿ ಅಕ್ಕೋರ. ಟ್ರಾನ್ಸ್‌ಫಾರ್ಮರ್ ಬರೋತನಕ ಹಚ್ಚಬ್ಯಾಡ್ರಿ" ಅಂದರು.

"ಕಟ್ಟಿದವನ ಬಿಚ್ಚಿದ ಮ್ಯಾಲ ಏನಿರ್ತೈತಿ?" ಅಂದರು ಅಕ್ಕೋರು, ಅವರಿಗೆ ಕೇಳುವಂತೆಯೇ.

ಆ ಮಾತನ್ನು ಅವರು ಮನೆಯೊಳಗೇ ಇಟ್ಟುಕೊಳ್ಳಲಿಲ್ಲ. ಕಿರಾಣಿ ಅಂಗಡಿಯಲ್ಲಿ, ಹಿಟ್ಟಿನ ಗಿರಣಿಯಲ್ಲಿ ಆಡಿದರು. ಗಿರಣಿಯ ಮುಂದೆ ನಿಂತಿದ್ದಾಗ ಒಬ್ಬಾಕೆ ಇನ್ನೊಬ್ಬಾಕೆಗೆ ಹೇಳಿದ್ದು ನನ್ನ ಕಿವಿಗೇ ಬಿತ್ತು: "ಆಯುಧಪೂಜಿ ಮಾಡದ ಕೈ ಅದು. ಅಂಥವನ ಕೈಗೆ ಮಿಷನ್ ಕೊಟ್ರ ಮತ್ತೇನಾಗ್ತೈತಿ?" ಜನ ರಿಪೇರಿಗೆ ಕೊಟ್ಟ ರೇಡಿಯೋಗಳನ್ನು ವಾಪಸ್ ಇಸಿದುಕೊಂಡರು. ಕೆಟ್ಟದ್ದನ್ನು ಕೆಟ್ಟ ಹಾಗೆಯೇ.

ನನ್ನ ಸ್ಥಿತಿಯೂ ಬೇರೆಯಿರಲಿಲ್ಲ. ಕಾಲೇಜಿನಲ್ಲಿ ವಿದ್ಯುತ್ತಿನ ಪಾಠ ಓದಿದ್ದೆ, ಆದರೂ ಒಂದು ಸಲ ಕೊಲ್ಲಲು ಬಂದು ಮತ್ತೊಂದು ಸಲ ಸುಮ್ಮನಿರುವ ಯಂತ್ರದ ಲೆಕ್ಕ ಹತ್ತಲಿಲ್ಲ. ರಿಪೇರಿಯವರೇ ಏನೋ ಮಾಡಿ, ಆಮೇಲೆ ಸದ್ದಿಲ್ಲದೆ ಸರಿ ಮಾಡಿದರೋ? ಎದುರಿನ ಮೇಷ್ಟ್ರ ಕೈ ಬೆನ್ನ ಹಿಂದೆ ಏನು ಮಾಡುತ್ತಿತ್ತು? ಕೊನೆಗೆ ಅಕ್ಕೋರ ಮೇಲೂ… ಇದನ್ನೆಲ್ಲ ಇವರೇ ಯಾರದೋ ಕೊರಳಿಗೆ ಕಟ್ಟಲು ಹೂಡಿದ್ದಾರೆಯೇ ಎಂದು ಯೋಚಿಸಿದ್ದುಂಟು. ರಾತ್ರಿಯೆಲ್ಲ ಗೋಡೆಯಾಚೆ ಅವರು ಚಿಲಕ ಎಳೆದು ನೋಡುವ ಸದ್ದು. ಈಚೆ ನಾನು ಎದ್ದು ಎದ್ದು ನಮ್ಮ ಮನೆಯ ಸ್ವಿಚ್ಚುಗಳನ್ನು ಆರಿಸಿ ಬರುವುದು. ಇಬ್ಬರಿಗೂ ನಿದ್ದೆ ಇರಲಿಲ್ಲ. ಇಬ್ಬರೂ ಅದನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳಲಿಲ್ಲ.

ಬಜಾರಿಗೆ ಹೋಗಿ ನನ್ನದೇ ಒಂದು ಟೆಸ್ಟರ್ ಕೊಂಡೆ. ಲಂಗದ ಮಡಿಕೆಯಲ್ಲಿ ಸಿಕ್ಕಿಸಿಕೊಂಡು ಓಡಾಡುತ್ತಿದ್ದೆ.

ಅಕ್ಕೋರು ಒಂದು ಸೋಮವಾರ ಕ್ಲಾಸು ಮತ್ತೆ ಶುರು ಮಾಡುವುದೆಂದರು. ಟ್ರಾನ್ಸ್‌ಫಾರ್ಮರ್ ಬರಲಿ ಎಂದು ನಾನು ಹೇಳಿದ್ದಕ್ಕೆ, "ನೀನೂ ಅವನ ಕಡಿ ಸೇರಿಕೊಂಡಿ?" ಅಂದರು. "ಹುಡುಗ್ಯಾರು ಎದುರಿನ ಮೇಷ್ಟ್ರ ಹತ್ರ ಹೊಂಟಾರ. ಇವತ್ತು ಕ್ಲಾಸು ತೆರೀಲಿಲ್ಲ ಅಂದ್ರ ನಾಳೆ ಈ ಬಾಗಿಲಾ ತೆರಿಯೋದ ಬ್ಯಾಡ."

ಆ ದಿನ ಮೊದಲು ಕುಳಿತುಕೊಳ್ಳಬೇಕಾದವಳು ನಮ್ಮ ಕಡೆಯ ಹಳ್ಳಿ ಅರಸೀಕೆರೆಯಿಂದ ಬಸ್ಸಿಗೆ ಬರುತ್ತಿದ್ದ ಸಣ್ಣ ಕಟ್ಟಿನ ಹುಡುಗಿ. ಚಪ್ಪಲಿ ಹೊರಗೆ ಬಿಟ್ಟು, ಒದ್ದೆ ನೆಲದ ಮೇಲೆ ಕಾಲು ಮಡಚಿ ಮಡಚಿ ಇಡುತ್ತಾ ನಿಂತಿದ್ದಳು. ಅಕ್ಕೋರು ಪೂಜೆ ಮಾಡುತ್ತಿದ್ದರು. ಬೇರೆ ಯಾವ ದಿನವಾದರೂ ನಾನು ಕೈಮುಗಿದು ಕಣ್ಣು ಮುಚ್ಚುತ್ತಿದ್ದೆ. ಅವತ್ತು ಮುಚ್ಚಲಿಲ್ಲ. ಅವರ ಕೈಗಳನ್ನು ಕಳ್ಳನ ಕೈ ನೋಡುವ ಹಾಗೆ ನೋಡುತ್ತಾ ನಿಂತೆ.

ಅವರು ಟೈಪ್‌ರೈಟರುಗಳಿಗೆ ವಿಭೂತಿ ಎಳೆದರು, ಕುಂಕುಮ ಇಟ್ಟರು. ಟಿ.ವಿ.ಗೆ ಇಟ್ಟರು. ಹಲ್ಲುಪುಡಿಯ ಡಬ್ಬಿಗೆ ಇಟ್ಟರು. ಆಮೇಲೆ ಬೋರ್ಡಿನಿಂದ ಪ್ಲಗ್ಗನ್ನು ಕಿತ್ತು, ಸೆರಗಿನಿಂದ ಒರೆಸಿ, ದೇವರ ಮುಂದಿನ ಬಟ್ಟಲಿನಿಂದ ಬೆರಳಿಗೆ ಕುಂಕುಮ ಹಚ್ಚಿಕೊಂಡು ಅದರ ಒಂದು ಬೆನ್ನಿಗೊಂದು ಬೊಟ್ಟು ಇಟ್ಟರು. ತಿರುವಿದರು. ಇನ್ನೊಂದು ಬೆನ್ನಿಗೂ ಒಂದು ಬೊಟ್ಟು ಇಟ್ಟರು. ಕಣ್ಣಿಗೊತ್ತಿಕೊಂಡು ಬೋರ್ಡಿಗೆ ಸಿಕ್ಕಿಸಿ ಸ್ವಿಚ್ಚು ಹಾಕಿದರು.

ಕೆಂಪು ಬೊಟ್ಟು ಮೇಲೇ ಇತ್ತು.

"ಬಾರವ್ವಾ, ಬಲಗೈ ಮೊದಲು" ಎಂದು ಅಕ್ಕೋರು ಅರಸೀಕೆರೆಯ ಹುಡುಗಿಯನ್ನು ಕರೆದರು. ಅವಳು ಕೈ ಚಾಚಿದ್ದಳು. ನಾನು ಅವಳ ಜಡೆ ಹಿಡಿದು ಹಿಂದಕ್ಕೆಳೆದೆ, ಅವಳು ಅಮ್ಮಾ ಎಂದು ಕೂಗಿದಳು. ಟೆಸ್ಟರನ್ನು ಮೇಜಿನ ಅಂಚಿಗೆ ಮುಟ್ಟಿಸಿದೆ. ಅದರ ಹೊಟ್ಟೆಯಲ್ಲಿ ದೀಪ ಹೊತ್ತಿತು.

ಸ್ವಿಚ್ಚು ಆರಿಸಿ, ಪ್ಲಗ್ಗು ಕಿತ್ತು ಅಕ್ಕೋರ ಅಂಗೈಯಲ್ಲಿಟ್ಟೆ. "ಕೆರೆದು ನೋಡ್ರಿ" ಅಂದೆ. ಅವರು ಮೇಲಿನ ಬೊಟ್ಟನ್ನು ಉಗುರಿನಿಂದ ಕೆರೆದರು. ಪುಡಿಯಾಗಿ ಉದುರಿತು. ತಿರುವಿ ಕೆಳಗಿನದನ್ನು ಕೆರೆದರು. ಕುಂಕುಮ ಹೋಗಿ ಅದರಡಿ ಗಟ್ಟಿ ಬಣ್ಣದ ಬೊಟ್ಟು ಹಾಗೆಯೇ ಉಳಿಯಿತು. ಮತ್ತೆ ಕೆರೆದರು. ಮತ್ತೆ…

"ಹಬ್ಬದ ದಿನಾನೂ ನಾನ ಇಟ್ಟಿದ್ದೆ" ಅಂದರು. ಅಷ್ಟೇ. ಅಲ್ಲೇ ನೆಲದ ಮೇಲೆ ಕುಳಿತರು. ಹುಡುಗಿಯರನ್ನು ನಾನೇ ಮನೆಗೆ ಕಳಿಸಿದೆ.

ಪೂಜೆಗೆಂದು ಪ್ಲಗ್ಗಿಗೂ ಕುಂಕುಮ ಇಡುತ್ತಾರೆ ಎಂದು ರಿಪೇರಿಯವರಿಗೆ ಹೊಳೆದಿರಲಿಲ್ಲ, ಅವರ ಮನೆಯಲ್ಲಿ ಅದಿಲ್ಲ. ಇಡದೆ ಇರುವವರೂ ಇರುತ್ತಾರೆ ಎಂದು ಅಕ್ಕೋರಿಗೆ ಹೊಳೆದಿರಲಿಲ್ಲ. ಹಬ್ಬದ ಮಧ್ಯಾಹ್ನ ಒದ್ದೆ ಬಟ್ಟೆಯಲ್ಲಿ ಒರೆಸಿದಾಗ ಕುಂಕುಮದ ಬೊಟ್ಟು ಹೋಗಿ ಬಣ್ಣದ್ದೊಂದೇ ಉಳಿದಿತ್ತು, ಅದಕ್ಕೇ ಅವರ ಟೆಸ್ಟರಿಗೆ ಏನೂ ಸಿಕ್ಕಿರಲಿಲ್ಲ. ಸಂಜೆ ಅಂಗಡಿಗೆ ಹೋದೆವು. ಬೀಗ ಬಿದ್ದಿತ್ತು. ಪಕ್ಕದ ಟೇಲರ್ ಹೊಲಿಗೆ ನಿಲ್ಲಿಸದೆಯೇ ಹೇಳಿದ, "ಹಡಗಲಿಗೆ ಹೋಗ್ಯಾನ್ರಿ, ಸಾಮಾನೆಲ್ಲಾ ಕಟಗೊಂಡು. ನಿಮಗ ಗೊತ್ತಿಲ್ಲೇನು? ಊರಿಗೆಲ್ಲಾ ಗೊತ್ತೈತಿ."

ಅಲ್ಲಿಂದ ಅಕ್ಕೋರ ಅನುಮಾನ ಬೇರೆಯವರನ್ನೆಲ್ಲ ಬಿಟ್ಟು ಸ್ವತಃ ತಮ್ಮ ಮೇಲೇ ತಿರುಗಿತು. ಒಲೆ ಆರಿಸಿ ನನ್ನನ್ನು ಕರೆಯುತ್ತಿದ್ದರು, "ಆರೇತೇನು ನೋಡವ್ವಾ." ಬೀಗ ಹಾಕಿ ಕೀಲಿಯನ್ನು ನನ್ನ ಕೈಗೆ ಕೊಟ್ಟು, "ನಾ ಹಾಕೀನಿ ಹೌದಲ್ಲ?" ಅನ್ನುತ್ತಿದ್ದರು. ಒಂದು ದಿನ ಕತ್ತರಿ ತಂದು ಟಿ.ವಿ.ಯ ಪ್ಲಗ್ಗನ್ನು ತಂತಿ ಸಮೇತ ಕತ್ತರಿಸಿ ಕೈಚೀಲಕ್ಕೆ ಹಾಕಿಕೊಂಡರು.

"ನಡಿ, ಹಡಗಲಿಗೆ ಹೋಗೂಣು."

ಹಡಗಲಿಯಲ್ಲಿ ರಿಪೇರಿಯವರು ಸೈಕಲ್ ಅಂಗಡಿಯ ಪಕ್ಕದ ಒಂದು ತಗಡಿನ ಚಾವಣಿಯ ಕೆಳಗೆ ಕುಳಿತಿದ್ದರು. ನಮ್ಮನ್ನು ಕಂಡು ಎದ್ದು ನಿಂತರು, ಬರ್ರಿ ಅನ್ನಲಿಲ್ಲ. ಅಕ್ಕೋರು ಪ್ಲಗ್ಗನ್ನು ಅವರ ಮುಂದೆ ಇಟ್ಟು ನಡೆದದ್ದನ್ನೆಲ್ಲ ಹೇಳಿದರು. ಅವರು ಅದನ್ನು ತಿರುವಿ ತಿರುವಿ ನೋಡಿದರು.

"ಹಸರು ಬಣ್ಣಾನೂ ಇತ್ರಿ ನನ್ನ ಹತ್ರ. ಕೆಂಪು ಮೊದ್ಲು ಕೈಗೆ ಸಿಕ್ತು."

"ನಾ ಊರಾಗ ಆಡಿದ ಮಾತು, ತಮ್ಮಾ…"

"ಅದು ಗೊತ್ತೈತ್ರಿ."

ಅಕ್ಕೋರು ಕೇಳಿದರು, "ಊರಿಗೆ ಬರ್ತೀಯಾ? ಅದ ಗಿರಣಿ ಮುಂದ ನಿಂತು ನಾನ ಹೇಳ್ತೀನಿ."

"ಟ್ರಾನ್ಸ್‌ಫಾರ್ಮರ್ ಹಾಕಾಕ ಬರ್ತೀನಿ. ಅಂಗಡಿ ತೆರಿಯಾಕ ಬರಂಗಿಲ್ಲ."

ಹಾಗೆಯೇ ಮಾಡಿದರು. ದಾವಣಗೆರೆಯಿಂದ ತರಿಸಿದ ಭಾರದ ಟ್ರಾನ್ಸ್‌ಫಾರ್ಮರನ್ನು ಚೀಲದಲ್ಲಿ ಹೊತ್ತುಕೊಂಡು ಮೊದಲ ಬಸ್ಸಿಗೆ ಬಂದರು. ಅದನ್ನು ಬೋರ್ಡಿಗೂ ಟಿ.ವಿ.ಗೂ ನಡುವೆ ಕೂರಿಸಿ, ಹೊಸ ಪ್ಲಗ್ಗು ಹಚ್ಚಿ, ಹಾಗೊಮ್ಮೆ ಹೀಗೊಮ್ಮೆ ತಿರುವಿ ಹಾಕಿ ಟೆಸ್ಟರ್ ಹಿಡಿದರು. ಎರಡೂ ಸಲ ದೀಪ ಹೊತ್ತಲಿಲ್ಲ. ಅಕ್ಕೋರು ಅವರನ್ನು ಸರಿಸಿ ತಾವೇ ಬರಿಗಾಲಲ್ಲಿ ಮುಂದೆ ಬಂದರು. ಬೇಡ ಎಂದು ನಾನು ಅಂದೆ. ಅವರು ನನ್ನ ಕಡೆ ನೋಡಲೂ ಇಲ್ಲ. ಎಡಗೈಯನ್ನು ಮೇಜಿನ ಅಂಚಿಗೆ ಊರಿ, "ತಿರುವು" ಅಂದರು. ರಿಪೇರಿಯವರು ತಿರುವಿದರು. "ಮತ್ತೊಮ್ಮೆ." ಮತ್ತೊಮ್ಮೆ ತಿರುವಿದರು. ಕೈ ಅಲ್ಲೇ ಇತ್ತು. ಯಾರೋ ಒಬ್ಬರ ಕೆಲಸವನ್ನು ಅಕ್ಕೋರು ನಂಬಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಚಾ ಕುಡದು ಹೋಗು" ಅಂದರು.

"ಬಸ್ಸಿನ ಹೊತ್ತಾತ್ರಿ" ಎಂದು ರಿಪೇರಿಯವರು ಹೊರಟುಹೋದರು. ಆ ಮನೆಗೆ ಮತ್ತೆ ಬರಲಿಲ್ಲ. ಈಗ ಎಲ್ಲಿದ್ದಾರೋ, ನನಗೆ ತಿಳಿಯದು. ಅಕ್ಕೋರು ಗಿರಣಿಯ ಮುಂದೆ ನಿಂತು ಹೇಳಬೇಕಾದದ್ದನ್ನು ಹೇಳಿದರು. ಕೇಳಿದವರು ಹೌದೇನ್ರಿ ಎಂದು ಹಿಟ್ಟಿನ ಡಬ್ಬಿ ತಲೆಯ ಮೇಲಿಟ್ಟುಕೊಂಡು ಹೋದರು. ಕೊಟ್ಟೂರಿನಲ್ಲಿ ರಿಪೇರಿಯವರ ಅಂಗಡಿಯ ಜಾಗಕ್ಕೆ ಆಗಲೇ ಬೇರೆ ಯಾರೋ ಬಂದಿದ್ದರು.

ಕೆಲಸ, ಮದುವೆ ಎಂದು ನಾನು ಊರು ಬಿಟ್ಟೆ. ಅಕ್ಕೋರು ಹೋದ ಸುದ್ದಿ ತಡವಾಗಿ ಬಂತು. ನಿದ್ದೆಯಲ್ಲೇ ಹೋದರಂತೆ, ಪುಣ್ಯವಂತರು ಎಂದು ಹೇಳಿದರು. ನಾನು ನಂಬಲಿಲ್ಲ. ಅಕ್ಕೋರು ಅಷ್ಟು ಸುಲಭಕ್ಕೆ ನಿದ್ದೆ ಮಾಡುವವರಲ್ಲ. ಅವರನ್ನು ಕಡೆಯ ಸಲ ನೋಡಲಾಗಲಿಲ್ಲ ಎಂಬ ಸಂಕಟ ಈಗ ಈ ವಯಸ್ಸಿನಲ್ಲಿ ಹೆಚ್ಚುತ್ತಿದೆ.

ನನಗೆ ಗೊತ್ತಿರುವುದು ಟ್ರಾನ್ಸ್‌ಫಾರ್ಮರ್ ಹಾಕಿದ ಆ ದಿನದ ರಾತ್ರಿ ಒಂದೇ. ಹಾಸಿಗೆಯಲ್ಲಿ ಮಲಗಿ ಚಿಲಕದ ಸದ್ದಿಗೆ ಕಾದೆ. ಕಾಯುತ್ತಲೇ ಕಣ್ಣು ಹತ್ತಿರಬೇಕು, ಎಚ್ಚರವಾದಾಗ ಬಿಸಿಲು ಅಂಗಳಕ್ಕೆ ಬಂದಿತ್ತು. ಅಕ್ಕೋರ ಬಾಗಿಲು ಇನ್ನೂ ತೆರೆದಿರಲಿಲ್ಲ. ಹಾಲಿನವನು ಕೂಗಿ ಕೂಗಿ ಪಾತ್ರೆಯಿಲ್ಲದೆ ಹೋಗಿದ್ದ. ಬರಿಗಾಲಲ್ಲೇ ಓಡಿಹೋಗಿ ಅವರ ಬಾಗಿಲಿಗೆ ಕಿವಿಯಿಟ್ಟೆ.

ಒಳಗೆ ಅಕ್ಕೋರು ಗೊರಕೆ ಹೊಡೆಯುತ್ತಿದ್ದರು.